ನಾಲ್ಕು ಚೀಲದ ಭಾರ

"ಹಿಂದಿನ ಬಾಗ್ಲಾ ತೆಗೀರಿ," ಎಂದ ಗೇಟಿನ ಕಾವಲುಗಾರ.

ಈಶ್ವರನ ಕೈ ಸ್ಟೇರಿಂಗಿನ ಮೇಲೇ ಉಳಿಯಿತು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಅಕ್ಷೋಭ್ಯ ಫೈಲಿನಲ್ಲಿ ಗಾಡಿಯ ನಂಬರ್ ಬರೆದುಕೊಂಡೂ ಆಗಿತ್ತು. ಸಂಡೂರಿನ ಈ ಗಣಿಗೆ ಬಾಡಿಗೆ ಗಾಡಿ ಬಿಡಬೇಕಾದರೆ ಮೊದಲು ಗುಡ್ಡದ ಮೂರು ತಿರುವು ಹತ್ತಿ ತೋರಿಸಬೇಕು. ಈಶ್ವರನ ಏಳು ಸೀಟಿನ ಗಾಡಿ ಈಗಷ್ಟೇ ಹತ್ತಿ ಇಳಿದು ಬಂದಿತ್ತು.

ಐದು ತಿಂಗಳಿಂದ ಅದು ಹೊಸಪೇಟೆಯಲ್ಲಿ ಮನೆ ಮುಂದೆ ಸುಮ್ಮನೆ ನಿಂತಿತ್ತು. ಹಂಪಿಗೆ ಬರುವವರಿಗೆ ಈಗ ಕಾರಿನ ಹಾಗೆ ಮೆತ್ತಗೆ ಓಡುವ ಹೊಸ ಗಾಡಿಗಳೇ ಬೇಕು. ಗಣಿಯವರಿಗೆ ನಾಲ್ಕೂ ಚಕ್ರ ಎಳೆಯುವ ಜೀಪು ಬೇಕು. ಹಿಂದಿನ ಎರಡೇ ಚಕ್ರ ಎಳೆಯುವ, ನಡುವಿನ ಇದು ಯಾರಿಗೂ ಬೇಡ. ಮಾರಲು ಹೋದರೆ ದಲ್ಲಾಳಿ ಬಾನೆಟ್ ಕೂಡ ಎತ್ತಿ ನೋಡಿರಲಿಲ್ಲ. ಈ ಬಾಡಿಗೆಯೂ ತಪ್ಪಿದರೆ ಈಶ್ವರ ಮತ್ತೆ ಇನ್ನೊಬ್ಬರ ಅದಿರು ಲಾರಿ ಹತ್ತಬೇಕಿತ್ತು. ಹನ್ನೆರಡು ವರ್ಷ ಲಾರಿ ಓಡಿಸಿ ಸಾಕಾಗಿಯೇ ಅವನು ಇದನ್ನು ಕೊಂಡಿದ್ದ.

ಕಾವಲುಗಾರ ತಾನೇ ಬಾಗಿಲು ತೆಗೆದು ತಾಡಪಾಲು ಎಳೆದ. ಕೆಳಗೆ ನಾಲ್ಕು ಚೀಲ.

"ಅದಿರು! ಪರ್ಮಿಟ್ ಎಲ್ಲೈತಲೇ?"

ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ ಈಶ್ವರನಿಗೆ ಇದೊಂದು ಹೊಳೆದಿರಲಿಲ್ಲ. ಏರಿನಲ್ಲಿ ಹಿಂದಿನ ಚಕ್ರ ಜಾರದಿರಲೆಂದು, ಲಾರಿಗಳಿಂದ ರಸ್ತೆಗೆ ಉದುರಿದ ಅದಿರನ್ನು ಬಳಿದು ತುಂಬಿಕೊಂಡು ಬಂದಿದ್ದ. ಒಳಗೆ ಬರುವಾಗ ಯಾರೂ ನೋಡಿರಲಿಲ್ಲ. ತಪಾಸಣೆಯೆಲ್ಲ ಹೊರಗೆ ಹೋಗುವವರಿಗೆ. ಊರೆಲ್ಲ ಗಣಿಯಿಂದ ಅದಿರು ಸಾಗಿಸುವ ಕಾಲದಲ್ಲಿ ಗಣಿಯೊಳಕ್ಕೇ ಅದಿರು ಹೊತ್ತು ತಂದ ಪುಣ್ಯಾತ್ಮ ಇವನೊಬ್ಬನೇ ಇರಬೇಕು.

"ಏನ್ರೀ ಈಶ್ವರ್ ಇದು?" ಅಕ್ಷೋಭ್ಯ ಕನ್ನಡಕ ತೆಗೆದರು.

ಸುಮ್ಮನಿದ್ದರೆ ಕಳ್ಳ. ನಿಜ ಹೇಳಿದರೆ ಬಾಡಿಗೆ ಹೋಯಿತು. ಈಶ್ವರ ಗಾಡಿಯಿಂದ ಇಳಿದ.

"ನಾನಾ ಹೊರಗಿಂದ ತಂದೀನ್ರಿ ಸಾರ್. ಹಿಂದ ಭಾರ ಇಲ್ದಿದ್ರ ಗುಡ್ಡ ಹತ್ತಂಗಿಲ್ರಿ ಇದು."

ಅಕ್ಷೋಭ್ಯ ಕನ್ನಡಕ ಮತ್ತೆ ಏರಿಸಿದರು. "ಚೀಲಾ ಇಳಸ್ರಿ. ಇನ್ನೊಮ್ಮೆ ಹತ್ತಸ್ರಿ, ನೋಡೋಣ."

ಅಕ್ಷೋಭ್ಯರನ್ನು ಕೂರಿಸಿಕೊಂಡ ಗಾಡಿ ಎರಡು ತಿರುವು ಹೇಗೋ ದಾಟಿತು. ಮೂರನೆಯದರಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ ಕೆಂಧೂಳು ಎಬ್ಬಿಸಿದವು. ಈಶ್ವರ ಹಲ್ಲು ಕಚ್ಚಿ ಆಕ್ಸಿಲರೇಟರ್ ಮತ್ತೆ ಮತ್ತೆ ಒತ್ತಿದ. ಕೊನೆಗೆ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು ಎರಡನೇ ತಿರುವಿನ ಸಮತಟ್ಟಿನಲ್ಲಿ ನಿಲ್ಲಿಸಿದ.

"ಗಾಡಿ ಛಲೋ ಅದರಿ. ನಮಗ ಆಗಂಗಿಲ್ಲ," ಎಂದು ಅಕ್ಷೋಭ್ಯ ನಂಬರ್ ಹೊಡೆದುಹಾಕಿದರು. ಮೇಲಿಂದ ಇಳಿದು ಬಂದ ಜೀಪಿಗೆ ಕೈ ಮಾಡಿ ಹತ್ತಿಕೊಂಡರು.

ಅದಿರು ಆರಿಸುವ ಹೆಂಗಸರು ಬುತ್ತಿ ಹಿಡಿದು ಏರು ಹತ್ತುತ್ತಿದ್ದರು. ಮುಂದಿದ್ದ ಹೊಳೆಮ್ಮ ಕಿಟಕಿಗೆ ಬಗ್ಗಿದಳು.

"ಯಪ್ಪಾ, ಮ್ಯಾಲ ಬಿಡ್ತಿಯೇನು? ಬಿಸ್ಲು ಭಾಳ ಐತಿ."

"ಇದು ಹತ್ತಂಗಿಲ್ಲಬೇ."

"ಯಾಕ ಹತ್ತಂಗಿಲ್ಲ? ಆಗ್ಲೇ ಹತ್ತಿದ್ದು ನಾವಾ ನೋಡೀವಿ."

ಅವನು ಹೂಂ ಎನ್ನುವ ಮೊದಲೇ ಆರು ಜನ ಒತ್ತರಿಸಿಕೊಂಡು ಕೂತರು. ಗಾಡಿಯ ಹಿಂಭಾಗ ನಾಲ್ಕು ಚೀಲ ಇದ್ದಾಗಿನಂತೆಯೇ ಕುಗ್ಗಿತು. ಈಶ್ವರ ಫಸ್ಟ್ ಗೇರಿಗೆ ಹಾಕಿದ. ಮೂರನೇ ತಿರುವಿನಲ್ಲಿ ಚಕ್ರ ಒಮ್ಮೆ ಜಾರಿ, ನೆಲ ಕಚ್ಚಿತು.

ಮೇಲೆ ಬಂದವನೇ ಉದ್ದಕ್ಕೆ ಹಾರ್ನ್ ಒತ್ತಿದ. ಕೆಳಗೆ, ಅಕ್ಷೋಭ್ಯ ಕೂತಿದ್ದ ಜೀಪು ನಿಲ್ಲದೆ ಗೇಟು ದಾಟಿ ಹೋಗುತ್ತಿತ್ತು.