ಕರಿಮರದ ಕಚ್ಚು

ದೊಡ್ಡಪ್ಪ ಕೇಳಿದ್ದು ಇಷ್ಟೇ: ಪೂಲ್ ಆಡುವ ಕೋಲಿನ ತುದಿಯ ಚರ್ಮದ ಬಿಲ್ಲೆ ಸವೆದಿದೆ, ಹೊಸದೊಂದು ಅಂಟಿಸಿಕೊಡು. ಅರ್ಧ ಗಂಟೆಯ ಕೆಲಸ. ಅಷ್ಟು ಮಾಡಿ ಕೈತೊಳೆದುಕೊಂಡಿದ್ದರೆ ಈ ಕತೆ ಇರುತ್ತಲೇ ಇರಲಿಲ್ಲ. ಆದರೆ ಹೇಳಿದಷ್ಟು ಮಾಡಿ ಸುಮ್ಮನಿರುವ ಜಾಯಮಾನ ಈ ಮೇಸ್ತ್ರಿಯದಲ್ಲವಲ್ಲ! ಕುರ್ಚಿಯ ಕಾಲು ಅಲುಗಾಡುತ್ತದೆ ಅಂತ ತಂದುಕೊಟ್ಟರೆ ಇಡೀ ಕುರ್ಚಿಯನ್ನೇ ಬಿಚ್ಚಿ ಹರವಿಕೊಂಡು ಕೂರುವ ಆಸಾಮಿ. ಎಲ್ಲಿಗೆ ಬಂತು ಕೆಲಸ ಅಂತ ಕೇಳಿದರೆ "ಇನ್ನೊಂಚೂರು" ಅನ್ನುತ್ತಿದ್ದ. ಬೀದಿಯವರೆಲ್ಲ ಸೇರಿ ಅವನಿಗೆ ಇನ್ನೊಂಚೂರು ಮೇಸ್ತ್ರಿ ಅಂತಲೇ ಹೆಸರಿಟ್ಟುಬಿಟ್ಟಿದ್ದರು. ಅವರು ಆಡಿಕೊಂಡು ನಗುತ್ತಿದ್ದರೆ ಇವನು ಅದನ್ನೇ ಬಿರುದು ಅಂದುಕೊಂಡು ಬೀಗುತ್ತಿದ್ದ.

ದೊಡ್ಡಪ್ಪ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದಾಡುವ ಪೂಲ್ ಹಾಲ್‌ನಲ್ಲಿ ಮೂವತ್ತು ವರ್ಷ ಅಂಕ ಬರೆಯುವ ಮಾರ್ಕರ್ ಆಗಿದ್ದವರು. ಕೆಲಸ ಬಿಡುವಾಗ ಹಾಲ್‌ನ ಯಜಮಾನರು ಗೋಡೆಯಿಂದ ಇಳಿಸಿಕೊಟ್ಟ ಕೋಲು ಅದು, ದೊಡ್ಡಪ್ಪನಿಗಿಂತ ವಯಸ್ಸಾದದ್ದು. ಮುಂದಿನ ಭಾಗ ಬಿಳಿ ಮರ, ಹಿಡಿಯುವ ಭಾಗ ಕರಿಮರ, ನಡುವೆ ಬಿಚ್ಚಿ ಜೋಡಿಸುವ ತಿರುಪು ಗಿರುಪು ಏನೂ ಇಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ನಾಲ್ಕಕ್ಕೆ ಹಾಲ್‌ಗೆ ಹೋಗಿ, ಮುದಿ ಟೈಲರ್ ಒಬ್ಬರ ಜೊತೆ ಎರಡು ಆಟ ಆಡಿ ಬರುವುದು ಅವರ ಪರಿಪಾಠ. ದೊಡ್ಡಮ್ಮ ಹೋದಮೇಲೆ ಅವರಿಗೆ ಉಳಿದಿದ್ದ ಸುಖ ಅಂದರೆ ಅದೊಂದೇ.

ಮೇಸ್ತ್ರಿಗೆ ಏಳು ತುಂಬುವ ಮೊದಲೇ ಅಪ್ಪ ತೀರಿಕೊಂಡಾಗ ಸಾಕಿ, ಕೈಹಿಡಿದು ಮರಗೆಲಸಕ್ಕೆ ಹಚ್ಚಿದವರೂ ಇವರೇ. ಅಂಥವರ ಕೋಲಿಗೆ ಬರೀ ಒಂದು ಬಿಲ್ಲೆ ಅಂಟಿಸಿ ಕಳಿಸುವುದೇ? ಅವನು ಕೋಲನ್ನು ಬೆಂಚಿನ ಮೇಲೆ ಉರುಳಿಸಿ ನೋಡಿದ. ನಡುವೆ ಸಣ್ಣಗೆ ಡೊಂಕಿತ್ತು.

"ದೊಡ್ಡಪ್ಪ, ಇದನ್ನ ಬಿಟ್ಟು ಹೋಗಿ. ಹೊಸ ಕೋಲು ನಾಚ್ಕೊಬೇಕು, ಹಂಗ್ ಮಾಡ್ಕೊಡ್ತೀನಿ."

"ಬೇಡ ಕಣೋ. ಅದರ ಡೊಂಕು ನಂಗೆ ಗೊತ್ತು, ನನ್ನ ಡೊಂಕು ಅದಕ್ಕೆ ಗೊತ್ತು. ಬಿಲ್ಲೆ ಒಂದು ಹಾಕು ಸಾಕು."

"ನೀವು ಸುಮ್ನಿರಿ ದೊಡ್ಡಪ್ಪ, ನಂಗೆ ಬಿಡಿ."

ಬಿಟ್ಟರು ಪಾಪ.

ಅವನು ಕೋಲನ್ನು ತೊಲೆಯಿಂದ ನೇತುಹಾಕಿ, ಕೆಳತುದಿಗೆ ಕಬ್ಬಿಣದ ತೂಕ ಕಟ್ಟಿದ. ಮೂರು ವಾರಕ್ಕೊಮ್ಮೆ ಇಳಿಸಿ, ಕೂದಲೆಳೆಯಷ್ಟು ಹೆರೆದು, ಮತ್ತೆ ನೇತುಹಾಕುತ್ತಿದ್ದ. ಮರ ಅವಸರಕ್ಕೆ ಬಗ್ಗುವುದಿಲ್ಲ, ನಿಜ. ಆದರೆ ಮನುಷ್ಯನಿಗೆ ಅವಸರವಿರಬಹುದು ಅನ್ನುವುದು ಈ ಪುಣ್ಯಾತ್ಮನ ತಲೆಗೆ ಹೊಳೆಯಲಿಲ್ಲ. ದೊಡ್ಡಪ್ಪ ಪ್ರತಿ ಸೋಮವಾರ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಆಯ್ತೇನೋ?"

"ಇನ್ನೊಂಚೂರು, ದೊಡ್ಡಪ್ಪ."

"ಹಂಗೇ ಕೊಟ್ಬಿಡೋ. ಹಾಲ್‌ನಲ್ಲಿರೋ ಕೋಲು ಕೈಗೆ ಹತ್ತೋದೇ ಇಲ್ಲ. ಸುಮ್ನೆ ಬೆಂಚಿನ ಮೇಲೆ ಕೂತು ಬರ್ತಿದೀನಿ."

"ಕೈ ಹಾಕಿದ ಮೇಲೆ ಅರ್ಧಂಬರ್ಧ ಕೊಟ್ಟು ಅಭ್ಯಾಸ ಇಲ್ಲ ನಂಗೆ."

ಹೆಂಡತಿ ಒಂದು ದಿನ ತಡೆಯಲಾರದೆ ಹೇಳಿದಳು. "ರೀ, ದೊಡ್ಡಮಾವ ಇವತ್ತು ಮೆಟ್ಟಿಲು ತಡಕಾಡ್ಕೊಂಡು ಇಳಿದ್ರು. ಕಣ್ಣು ಯಾಕೋ ಸರಿಯಿಲ್ಲ ಅನ್ಸುತ್ತೆ. ಮೊದ್ಲು ಆ ಕೋಲು ಕೊಟ್ಟುಬಿಡಿ."

"ನಿಂಗೇನು ಗೊತ್ತು ಮರದ ವಿಷಯ?" ಅಂದ ಇವನು.

ಅವಳು ಹೇಳಿದ್ದು ಮರದ ವಿಷಯವಾಗಿರಲಿಲ್ಲ. ಅದನ್ನು ಅವನು ಕಿವಿಗೆ ಹಾಕಿಕೊಂಡರೆ ತಾನೆ!

ಆರನೆಯ ತಿಂಗಳಿಗೆ ಕೋಲು ದಾರ ಎಳೆದಷ್ಟು ನೇರವಾಯಿತು. ಆಮೇಲೆ ಕರಿಮರದ ಸರದಿ. ಹಿಡಿಯುವ ಕಡೆ ಉಗುರಿನಷ್ಟಗಲದ ಒಂದು ಕಚ್ಚು ಇತ್ತು. ಯಾವ ಕಾಲದಲ್ಲೋ ಮೇಜಿನ ಅಂಚಿಗೆ ಬಡಿದು ಆದ ಗಾಯವಿರಬೇಕು ಅಂದುಕೊಂಡ. ಕರಿಮರದ ಚೂರೊಂದನ್ನು ತೇದು ಪುಡಿಮಾಡಿ, ಅಂಟಿನಲ್ಲಿ ಕಲಸಿ ತುಂಬಿದ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ, ಅರಗಿನ ಪಾಲಿಶ್ ಪದರದ ಮೇಲೆ ಪದರ ಕೊಟ್ಟ. ಎರಡು ತಿಂಗಳು ಅದಕ್ಕೇ ಹೋಯಿತು. ಕೊನೆಗೆ ಹೆಂಡತಿಯನ್ನು ಅಡುಗೆಮನೆಯಿಂದ ಕರೆದ.

"ಇಲ್ಲೊಂದು ಕಚ್ಚಿತ್ತು. ಎಲ್ಲಿತ್ತು ಹೇಳು ನೋಡೋಣ?"

ಅವಳು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದಳು. "ನಂಗಂತೂ ಗೊತ್ತಾಗಲ್ಲಪ್ಪ."

"ನಿಂಗೇನು, ನಂಗೇ ಗೊತ್ತಾಗಲ್ಲ!" ಅಂತ ತೊಡೆ ತಟ್ಟಿ ನಕ್ಕ. ಅವತ್ತು ಅವನಷ್ಟು ಸುಖವಾಗಿ ಊಟ ಮಾಡಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಮಾರನೆಯ ದಿನ ನಾಲ್ಕಕ್ಕೆ ಕೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಾಲ್‌ಗೆ ಹೋದ. ದೊಡ್ಡಪ್ಪ ಗೋಡೆಬದಿಯ ಬೆಂಚಿನಲ್ಲಿ ಟೈಲರ್ ಪಕ್ಕ ಕೂತಿದ್ದರು. ಇವನು ಎದುರಿಗೇ ಬಂದು ನಿಂತರೂ ಮಾತಾಡುವವರೆಗೆ ಗುರುತು ಹತ್ತಲಿಲ್ಲ.

"ಕಣ್ಣಿಗೇನಾಯ್ತು ದೊಡ್ಡಪ್ಪ?"

"ವಯಸ್ಸಾಯ್ತು, ಇನ್ನೇನು. ಈಗೀಗ ಚೆಂಡು ಕದಡಿದ ಬಣ್ಣದ ಥರ ಕಾಣುತ್ತೆ. ಪರ್ವಾಗಿಲ್ಲ ಬಿಡು, ಕೋಲು ಬಂತಲ್ಲ. ಅದು ಕೈಲಿದ್ರೆ ಕಣ್ಣು ಯಾರಿಗೆ ಬೇಕು? ತಾ, ತಾ."

ಬಟ್ಟೆ ಬಿಚ್ಚಿದಾಗ ಟೈಲರ್ "ಅಬ್ಬಬ್ಬಾ!" ಅಂದರು. ಆಡುತ್ತಿದ್ದವರೂ ಆಟ ನಿಲ್ಲಿಸಿ ಬಂದು ನೋಡಿದರು. ದೊಡ್ಡಪ್ಪ ಕೋಲನ್ನು ತೆಗೆದುಕೊಂಡು, ಕರಿಮರದ ಮೇಲೆ ಹೆಬ್ಬೆರಳಾಡಿಸಿದರು. ಕೋಲನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು.

"ಇದು ಯಾರದ್ದೋ?"

"ನಿಮ್ದೇ ದೊಡ್ಡಪ್ಪ."

"ನಂದಕ್ಕೊಂದು ಕಚ್ಚಿತ್ತಲ್ಲೋ."

"ಆ ಗಾಯಾನಾ? ತುಂಬಿಬಿಟ್ಟೆ."

"ಗಾಯ ಅಲ್ಲ ಅದು. ನಾನೇ ಚಾಕುನಲ್ಲಿ ಕೊರೆದಿದ್ದು. ಹೆಬ್ಬೆರಳು ಅದರಲ್ಲಿ ಕೂತ್ರೆ ಡೊಂಕು ಮೇಲಕ್ಕೆ ಬಂತು ಅಂತ ಲೆಕ್ಕ. ಕಣ್ಣು ಮಂಜಾಗ್ತಾ ಬಂದಾಗ್ಲೂ ಅದನ್ನೇ ನಂಬ್ಕೊಂಡು ಆಡ್ತಿದ್ದೆ."

"ಈಗ ಡೊಂಕೇ ಇಲ್ವಲ್ಲ. ಹೆಂಗೆ ಹಿಡಿದ್ರೂ ಒಂದೇ."

"ಹಂಗಾ?" ಅಂದರು ದೊಡ್ಡಪ್ಪ, ಮಕ್ಕಳ ಮನಸ್ಸು ನೋಯಿಸಬಾರದು ಅನ್ನುವ ದನಿಯಲ್ಲಿ.

ಮೇಜಿನ ಹತ್ತಿರ ಹೋಗಿ ಬಾಗಿ ನಿಂತರು. ಹೆಬ್ಬೆರಳು ಕರಿಮರದ ಮೇಲೆ ಹಿಂದಕ್ಕೆ ಮುಂದಕ್ಕೆ ಜಾರಿತೇ ಹೊರತು ಎಲ್ಲೂ ನಿಲ್ಲಲಿಲ್ಲ. ಹೊಡೆದರು. ಕೋಲಿನ ತುದಿ ಚೆಂಡಿನ ಪಕ್ಕಕ್ಕೆ ಸವರಿಕೊಂಡು ಹೋಯಿತು. ಮತ್ತೆ ಹೊಡೆದರು. ಈ ಸಲ ಚೆಂಡಿಗೆ ತಾಗಲೇ ಇಲ್ಲ. ಅವರು ಕೋಲನ್ನು ಮೆಲ್ಲಗೆ ತಂದು ಇವನ ಕೈಗಿಟ್ಟರು.

"ಚೆನ್ನಾಗಿ ಮಾಡಿದೀಯ ಕಣೋ, ಸುಳ್ಳು ಹೇಳಬಾರದು. ಆಡೋರು ಯಾರಿಗಾದ್ರೂ ಕೊಡು."

ಮೇಸ್ತ್ರಿಗೆ ತನ್ನ ಮೇಲೇ ಅಸಹ್ಯವಾಯಿತು. ಎಂಟು ತಿಂಗಳು! ಕಣ್ಣಲ್ಲಿ ಅಷ್ಟೋ ಇಷ್ಟೋ ಬೆಳಕಿದ್ದ ಎಂಟು ತಿಂಗಳನ್ನು ಈ ಮನುಷ್ಯ ಬೆಂಚಿನ ಮೇಲೆ ಕೂತು ಕಳೆದಿದ್ದರು, ಅದೂ ತನ್ನ ಒಣ ಹೆಮ್ಮೆಗೋಸ್ಕರ.

"ದೊಡ್ಡಪ್ಪ, ಎರಡೇ ನಿಮಿಷ. ಆ ಕಚ್ಚನ್ನ ಈಗ್ಲೇ ಕೊರೆದುಕೊಡ್ತೀನಿ. ಎಲ್ಲಿತ್ತು ಹೇಳಿ."

ದೊಡ್ಡಪ್ಪನ ಮುಖ ಅರಳಿತು. "ಹಂಗ್ ಮಾಡಪ್ಪ" ಅಂತ ಕರಿಮರವನ್ನು ಹಿಡಿದು, "ಇಲ್ಲೇ" ಅಂದರು. ತಕ್ಷಣ ಅನುಮಾನ ಬಂತು. "ಅಲ್ಲ, ತಡಿ. ಇಲ್ಲಿ." ಹೆಬ್ಬೆರಳನ್ನು ಇನ್ನೆರಡು ಬೆರಳು ಹಿಂದಕ್ಕೆ ಸರಿಸಿ, ಕೋಲನ್ನು ಅರ್ಧ ತಿರುಗಿಸಿದರು. "ಹೆಬ್ಬೆರಳು ತಾನೇ ಹೋಗಿ ಕೂತ್ಕೋತಿತ್ತು ಕಣೋ, ನಾನು ಯಾವತ್ತೂ ಹುಡುಕಿದ್ದೇ ಇಲ್ಲ. ನೀನೇ ನೋಡು, ನೀನೇ ತುಂಬಿದ್ದಲ್ವಾ?"

ಅವನು ಕೋಲನ್ನು ಕಿಟಕಿಯ ಹತ್ತಿರ ಒಯ್ದು ಬಿಸಿಲಿಗೆ ಹಿಡಿದ. ಉಗುರಿನಿಂದ ಇಂಚಿಂಚೂ ಕೆರೆದು ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ. ಡೊಂಕಾದರೂ ಉಳಿದಿದ್ದರೆ ಅದರ ಅಂದಾಜಿನ ಮೇಲೆ ಹುಡುಕಬಹುದಿತ್ತು. ಎಲ್ಲಿ ನೋಡಿದರೂ ಅದೇ ಕಪ್ಪು, ಅದೇ ನುಣುಪು, ಅದರೊಳಗೆ ಅವನದೇ ಮುಖ. ಚಾಕು ಬಿಚ್ಚಿ ಹಿಡಿದಿದ್ದ, ಎಲ್ಲಿಗೆ ಇಡಬೇಕೆಂದು ತಿಳಿಯಲಿಲ್ಲ.

ಹಿಂದಿನಿಂದ, ಬೆಂಚಿನ ಮೇಲಿಂದ, ದೊಡ್ಡಪ್ಪ ಆಸೆಯಿಂದ ಕೇಳಿದರು.

"ಆಯ್ತೇನೋ?"

ಅವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಇನ್ನೊಂಚೂರು, ದೊಡ್ಡಪ್ಪ."