ಮುಂದಿನ ಮಾತಿನವರ ಮುಖ

ನಮ್ಮ ಭಾವನವರ ತಂಡದ ನಾಟಕವನ್ನು ಮನೆಯಲ್ಲೇ ಇದ್ದು, ರಂಗದ ನಡುವೆ ಕೂತಂತೆ ಸುತ್ತಲೂ ತಿರುಗಿ ನೋಡುವ ಏರ್ಪಾಡು ನನ್ನದು. ಎರಡು ವರ್ಷದ ಕೆಲಸ. ನಾಲ್ಕೂ ಕಡೆಯ ಚಿತ್ರವನ್ನು ಸ್ಪಷ್ಟವಾಗಿ ಕಳಿಸಿದರೆ ಮನೆಯ ಇಂಟರ್‌ನೆಟ್ ಏದುಸಿರು ಬಿಡುತ್ತದೆ. ಅದಕ್ಕೇ ಮಾತಾಡುತ್ತಿರುವ ಪಾತ್ರವಷ್ಟೇ ಸ್ಪಷ್ಟ, ಉಳಿದದ್ದು ಮಸುಕು. ಆಫೀಸಿನ ಹನ್ನೆರಡು ಜನರಿಗೆ ತೋರಿಸಿದ್ದೆ, ಒಬ್ಬರಿಗೂ ಗೊತ್ತಾಗಿರಲಿಲ್ಲ.

ಭಾವ ನೇಮಿಸಿದ ಪರೀಕ್ಷಕರು ಮಾತ್ರ ನಮ್ಮತ್ತೆ, ಕಾಲು ಮುರಿದುಕೊಂಡು ಮಂಚ ಹಿಡಿದವರು. "ಅಮ್ಮ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ನಿನ್ ಕ್ಯಾಮೆರಾ ಇವತ್ತೇ ಗಂಟುಮೂಟೆ ಕಟ್ಬೇಕು ಕಣಮ್ಮ," ಎಂದಿದ್ದರು.

ಮಧ್ಯಾಹ್ನದ ಪ್ರದರ್ಶನ. ಅಲ್ಲಿ ಕ್ಯಾಮೆರಾದ ಸುತ್ತ ನಾಲ್ಕು ಕುರ್ಚಿ, ನಾಲ್ಕು ಪಾತ್ರ. ಇಲ್ಲಿ ಮಂಚದ ಮೇಲೆ ಹೆಡ್‌ಸೆಟ್ ತೊಟ್ಟ ಅತ್ತೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ನಾನು. ನಾಟಕ ಶುರುವಾಗಿ ಐದೇ ನಿಮಿಷ.

"ಏನೇ ಇದು, ಎಲ್ರ ಮುಖಕ್ಕೂ ಹಿಟ್ಟು ಬಳಿದಂಗಿದೆ!"

ಅವರ ನೋಟ ಎಲ್ಲಿದೆಯೆಂದು ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ನಾಟಕದ ತಂದೆ ಮಾತಾಡುತ್ತಿದ್ದರೆ ಅತ್ತೆ ಮಗಳನ್ನು ನೋಡುತ್ತಿದ್ದರು. ಮಗಳು ಬಾಯಿ ತೆರೆದಳೋ, ಇವರ ಕತ್ತು ಡಾಕ್ಟರ ಕಡೆಗೆ.

"ಮಾತಾಡೋರನ್ನ ನೋಡ್ಬಾರ್ದಾ ಅತ್ತೆ?"

"ಅವರಿಗೆ ಮಾತು ನೆನಪಿದೆ, ಆಡ್ತಿದಾರೆ. ಮುಂದಿನೋರಿಗೆ ನೆನಪಿದ್ಯೋ ಇಲ್ವೋ ನೋಡ್ಬೇಡ್ವಾ?"

ದೀಪದ ಬುಡದಲ್ಲೇ ಕತ್ತಲು! ಮೂವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಎತ್ತಿಕೊಟ್ಟವರು ನಮ್ಮತ್ತೆ. ಹತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗದು ಹೊಳೆದಿರಲಿಲ್ಲ.

ವಿರಾಮದ ಹದಿನೈದು ನಿಮಿಷದಲ್ಲಿ ಛಾವಣಿ, ನೆಲ, ಗೋಡೆಗಳನ್ನು ಇನ್ನಷ್ಟು ಮಸುಕು ಮಾಡಿದೆ. ಅದರಿಂದ ಉಳಿದ ಇಂಟರ್‌ನೆಟ್ಟಿನಲ್ಲಿ ಎರಡನೆಯ ಮುಖವನ್ನೂ ಸ್ಪಷ್ಟವಾಗಿ ಕಳಿಸಲು ಜಾಗವಾಯಿತು. ಆದರೆ ಮುಂದೆ ಮಾತಾಡುವವರು ಯಾರೆಂದು ಯಂತ್ರಕ್ಕೇನು ಗೊತ್ತು? ನಾಟಕದ ಪ್ರತಿಯನ್ನು ತೊಡೆಯ ಮೇಲೆ ಹರಡಿ, ಪ್ರತಿ ಮಾತಿಗೂ ಮುಂದಿನವರ ಗುಂಡಿಯನ್ನು ನಾನೇ ಒತ್ತುತ್ತಾ ಹೋದೆ. ಬೆರಳು ಸೋತವು. ಅತ್ತೆಯ ಕತ್ತು ಮಾತ್ರ ಒಂದು ಮಾತು ಮುಂದೆಯೇ ತಿರುಗುತ್ತಿತ್ತು.

ಕೊನೆಯ ದೃಶ್ಯದಲ್ಲಿ ಡಾಕ್ಟರು ತಡವರಿಸಿದರು.

"ಕಾಗದ ಹರಿದುಬಿಟ್ಟೆ ಅನ್ನೋ, ಮಂಕೇ!" ಅತ್ತೆ ಮಂಚದಿಂದಲೇ ಗದರಿದರು.

ನಾಟಕ ಮುಗಿದದ್ದೇ ಅತ್ತೆಗೆ ಭಾವನ ಫೋನು. "ಚಿತ್ರ ಹೇಗಿತ್ತಮ್ಮ?"

"ಚಿತ್ರಕ್ಕೇನು ರೋಗ? ಆ ಡಾಕ್ಟರ ಮೂಗಿನ ಮೇಲೆ ಬೆವರು ಮೂಡಿದಾಗ್ಲೇ ಅಂದ್ಕೊಂಡೆ, ಇವನು ಮರೀತಾನೆ ಅಂತ. ನಾಳೆ ಅವನನ್ನ ಮನೆಗೆ ಕಳ್ಸು, ಬಾಯಿಪಾಠ ಮಾಡಿಸ್ತೀನಿ."

ಭಾವನ ದನಿ ಏರಿತು.

"ಬೆವರೂ ಕಾಣ್ತಾ?"