ಹೊಳೆಯ ತಳ

“ಹ್ವಾಯ್ ಮಂಜಣ್ಣ, ನಿನ್ನ ಹೊಳಿಗೆ ತಳ ಇತ್ತಾ ಇಲ್ಯಾ?” ಮೀನುಬುಟ್ಟಿ ದೋಣಿಗಿಡುತ್ತಾ ನಾಗು ಕೆಣಕಿದಳು.

“ಅಜ್ಜನ ಕಾಲದಿಂದ ನಡುಹೊಳಿಯಂಗೆ ನಮ್ಮ ದೋಣಿ ಗಳ ತಳ ಮುಟ್ಟಲಿಲ್ಲ ಮಾರಾಯ್ತಿ. ಆ ಯಂತ್ರಕ್ಕೆ ಎಂತ ಸಿಕ್ಕುದ್?”

ಎರಡು ದೋಣಿ ಜೋಡಿಸಿದ ಅಟ್ಟದ ಮೇಲೆ ಸೇತುವೆಯವರ ಬೋರಿಂಗ್ ಯಂತ್ರ ಹೊಳೆಯ ಹೊಟ್ಟೆ ಕೊರೆಯುತ್ತಿತ್ತು. ಅಡಿಯಲ್ಲಿ ಗಟ್ಟಿ ಕಲ್ಲು ಸಿಕ್ಕಿದರೆ ಸೇತುವೆ ಇಲ್ಲೇ. ಇಲ್ಲದಿದ್ದರೆ ಮೇಲಿನ ಊರಿಗೆ. ಇಲ್ಲಿಗೆ ಬಂದರೆ ಮಂಜನ ದೋಣಿ ಹತ್ತುವವರು ಯಾರು? ಯಂತ್ರದವರನ್ನು ದಿನಾ ಅಟ್ಟಕ್ಕೆ ದಾಟಿಸುವವನೂ ಅವನೇ. ಮರಳು, ಕೆಸರು, ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು ಬಂದಾಗಲೆಲ್ಲ ಹಾಯ್ಗುಳಿ ದೈವಕ್ಕೆ ಕೈಮುಗಿದ. ಕೋಳಿಯ ಹರಕೆಯನ್ನೂ ಹೇಳಿಕೊಂಡ.

ಅವತ್ತು ಮಧ್ಯಾಹ್ನ ಯಂತ್ರದ ಸದ್ದೇ ಬದಲಾಯಿತು. ಕೊಳವೆಯಿಂದ ಜಾರಿದ್ದು ಮೊಳದುದ್ದದ ಕಲ್ಲಿನ ಕೋಲು. ಕಪ್ಪು ಬಿಳಿ ಪಟ್ಟೆ, ಅಡ್ಡಲಾಗಿ ಒಂದು ಕೆಂಚು ಗೆರೆ. ಮಂಜ ಅದನ್ನೆತ್ತಿ ಅಟ್ಟದ ಕಬ್ಬಿಣಕ್ಕೆ ಬಡಿದ. ಕಬ್ಬಿಣ ಝಣ್ ಎಂದಿತು. ಕಲ್ಲು ಬಿರಿಯಲಿಲ್ಲ.

“ಬಡಿ, ಬಡಿ,” ಓವರ್ಸಿಯರ್ ರತ್ನಾಕರ ಶೆಟ್ಟರು ನಕ್ಕರು. “ಈ ಸಮುದ್ರಕ್ಕಿಂತ ಹಳೇ ಕಲ್ಲ್ ಇದ್. ಭೂಮಿ ಅಡಿಯಂಗೆ ಬೆಂದ್, ಒತ್ತಿ, ಮಡ್ಚಿ ಹೀಂಗಾಯ್ತ್. ಈ ಗೆರೆ ಕಾಣ್, ಬಿರುಕಿಗೆ ಕರಗಿದ ಕಲ್ಲ್ ನುಗ್ಗಿ ಹೆಪ್ಪಾದ್ದ್. ಕೋಟಿ ಕೋಟಿ ವರ್ಷ ಆಯ್ತ್.”

“ಅಷ್ಟ್ ವರ್ಷ ಸುಮ್ನಿದ್ದದ್ದ್ ನನ್ನ ಕಾಲಕ್ಕೇ ಮೇಲೆ ಬರ್ಕಾ ಶೆಟ್ರೇ?”

ಆ ಕಲ್ಲನ್ನು ದಡಕ್ಕೆ ಸಾಗಿಸಿದವನೂ ಅವನೇ. ಜನ ಮುತ್ತಿಕೊಂಡರು. ಯಾರೋ ದಾಸವಾಳ ಇಟ್ಟರು. ಗುಂಪು ಸೀಳಿ ಬಂದ, ಅವನನ್ನು ಹೆತ್ತ ಅಬ್ಬಿ ಕೆಸರು ಒರೆಸಿ, ಕಲ್ಲನ್ನು ಕಣ್ಣಿಗೊತ್ತಿಕೊಂಡಳು.

“ಅಬ್ಬೀ, ನೀನೂವಾ?” ಮಂಜ ಕಿರುಚಿದ. “ನಾಳಿಂದ ಗಂಜಿ ಬದ್ಲ್ ಈ ಕಲ್ಲೇ ತಿಂತ್ಯಾ?”

“ಈ ಕಲ್ಲ್ ಮೊದ್ಲೇ ಸಿಕ್ಕಿ ಮೂರ್ ವರ್ಷದ್ ಹಿಂದೆ ಸೇತುವೆ ಇದ್ದಿದ್ರೆ ಚಂದ್ರಾವತಿ ಇರ್ತಿದ್ಲ್ ಮಗಾ.”

ಆ ಮಳೆಗಾಲ ಹೊಳೆ ಕೆಂಪಗೆ ಉಕ್ಕಿತ್ತು. ಹೆರಿಗೆ ನೋವಿನ ತಂಗಿಯನ್ನು ದಾಟಿಸಲಾರದೆ, ಇದೇ ದಡದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಮಂಜ.

ಆಚೆ ದಡದಿಂದ ಯಾರೋ ದೋಣಿಗೆ ಕೂಗಿದರು. ಮತ್ತೆ ಕೂಗಿದರು. ಮಂಜ ಮೊಣಕಾಲುಗಳ ನಡುವೆ ತಲೆ ಹುದುಗಿಸಿ ಮರಳಲ್ಲೇ ಕೂತ. ಅಬ್ಬಿ ಸೆರಗು ಸಿಕ್ಕಿಸಿ ನೀರಿಗಿಳಿದಳು. ದೋಣಿ ಕಟ್ಟಿದ ಗೂಟದ ಹಗ್ಗ ನೆನೆದು ಬಿಗಿದಿತ್ತು. ಬಗ್ಗಿ, ಹಲ್ಲಿನಿಂದ ಗಂಟನ್ನು ಎಳೆಯತೊಡಗಿದಳು.